ವಿಶೇಷ ಶಾಲೆಗೆ ಸರ್ಕಾರದ ಅನುದಾನ: ಅರ್ಜಿ ಹಾಕಿ, ಸಂಬಳ ಮಾತ್ರ ಅದರ ಮೇಲೆ ಬಿಡಬೇಡಿ

ಪ್ರಶ್ನೆ: ಮಧುಗಿರಿಯಲ್ಲಿ ಆರು ವರ್ಷದಿಂದ ಬುದ್ಧಿಮಾಂದ್ಯ ಮಕ್ಕಳಿಗೆ ಒಂದು ಹಗಲು ಶಾಲೆ ನಡೆಸುತ್ತಿದ್ದೇವೆ. 32 ಮಕ್ಕಳಿದ್ದಾರೆ. ನಾಲ್ವರು ಟೀಚರ್, ಇಬ್ಬರು ಆಯಾ, ಒಂದು ವ್ಯಾನ್. ಸಂಘ ನೋಂದಣಿ ಆಗಿದೆ. ಇಷ್ಟು ದಿನ ಊರಿನ ದಾನಿಗಳಿಂದಲೇ ನಡೆಯಿತು, ಈಗ ಕಷ್ಟವಾಗುತ್ತಿದೆ. ಸರ್ಕಾರದಿಂದ ಅನುದಾನ ಸಿಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಒಬ್ಬರು ಬಂದು 'ಫೈಲ್ ನಾನು ಮಾಡಿಸಿಕೊಡ್ತೀನಿ, ಬಂದ ದುಡ್ಡಲ್ಲಿ ಇಪ್ಪತ್ತು ಪರ್ಸೆಂಟ್ ಕೊಡಿ' ಎಂದಿದ್ದಾರೆ. ಅರ್ಜಿ ಹಾಕಬೇಕಾ? ಹಾಕಿದರೆ ಎಷ್ಟು ದಿನಕ್ಕೆ ಹಣ ಬರುತ್ತದೆ? ಅದನ್ನು ನಂಬಿ ಇನ್ನೊಬ್ಬ ಟೀಚರನ್ನು ತೆಗೆದುಕೊಳ್ಳಬಹುದಾ?
ಮಧುಗಿರಿಯ ಓದುಗರು

ಉತ್ತರ: ಆ ಇಪ್ಪತ್ತು ಪರ್ಸೆಂಟ್ ವಿಷಯ ಮೊದಲು ಮುಗಿಸೋಣ. ಬೇಡ ಮೇಡಂ. ಖಂಡಿತ ಬೇಡ. ಅನುದಾನವಾಗಿ ಬಂದ ಪ್ರತಿ ರೂಪಾಯಿಗೂ ನೀವು ಹಣಬಳಕೆ ಪ್ರಮಾಣಪತ್ರ ಕೊಡಬೇಕು. ಕಚೇರಿಗಳಲ್ಲಿ ಯುಸಿ ಎನ್ನುವುದು ಇದನ್ನೇ. 5 ಲಕ್ಷ ಬಂತು, ಅದರಲ್ಲಿ 1 ಲಕ್ಷ ಆ ಮನುಷ್ಯನ ಕೈಗೆ ಹೋಯಿತು ಎಂದುಕೊಳ್ಳಿ. ಆ ಲಕ್ಷವನ್ನು ಯಾವ ಬಾಬತ್ತಿಗೆ ಹಾಕುತ್ತೀರಿ? ಎಲ್ಲೂ ಹಾಕುವ ಹಾಗಿಲ್ಲ. ಆಗ ಟೀಚರ್ 12,000 ಸಂಬಳಕ್ಕೆ ಸಹಿ ಹಾಕಿ 9,000 ಎಣಿಸಿಕೊಳ್ಳುವುದು ಶುರುವಾಗುತ್ತದೆ. ಹಾಕಿಸದ ಡೀಸೆಲ್‌ಗೆ ಬಿಲ್ ಹುಟ್ಟುತ್ತದೆ. ಬಾರದ ಮಗುವಿಗೆ ಹಾಜರಿ ಬೀಳುತ್ತದೆ. ಆರು ವರ್ಷ ಊರವರ ನಂಬಿಕೆಯ ಮೇಲೆ ನಡೆದ ಶಾಲೆ ಒಂದೇ ವರ್ಷದಲ್ಲಿ ಸುಳ್ಳು ಲೆಕ್ಕದ ಶಾಲೆ ಆಗಿಬಿಡುತ್ತದೆ. ಸಹಿ ಮಾತ್ರ ಎಲ್ಲಾ ಕಡೆ ನಿಮ್ಮದೇ ಇರುತ್ತದೆ, ಆತನದಲ್ಲ.

ಕಾನೂನೂ ಗೊತ್ತಿರಲಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧವೇ. ಬಲವಂತಕ್ಕೆ ಕೊಡಬೇಕಾಯಿತು ಎಂದಾದರೆ 7 ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ ಇದೆ. ಯಾವುದೇ ಕಚೇರಿಯಲ್ಲಿ ಕೈ ಚಾಚಿದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಸಾಮಾನ್ಯವಾಗಿ ಇಂಥ ಮಧ್ಯವರ್ತಿ ಮಾಡುವುದಾದರೂ ಏನು? ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತಾನೆ, ದಾಖಲೆ ಸ್ಕ್ಯಾನ್ ಮಾಡಿ ಹಾಕುತ್ತಾನೆ. ನಿಮ್ಮ ಟೀಚರೊಬ್ಬರು ಎರಡು ದಿನ ಕೂತರೆ ಆಗುವ ಕೆಲಸ ಅದು.

ಇನ್ನು ಅರ್ಜಿ ಹಾಕಬೇಕಾ ಎಂದು ಕೇಳಿದ್ದೀರಿ. ಹಾಕಿ. ಸಂಕೋಚ ಪಟ್ಟುಕೊಳ್ಳಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಂ ಪ್ರಕಾರ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕಿದೆ. ಆ ಹಕ್ಕನ್ನು ಈಡೇರಿಸುವ ಹೊಣೆ ಸರ್ಕಾರದ್ದು. ಮಿಡಿಗೇಶಿ, ಪುರವರ, ಐ.ಡಿ. ಹಳ್ಳಿ ಕಡೆಯಿಂದ ಬೆಳಗ್ಗೆ ವ್ಯಾನಿನಲ್ಲಿ ಮಕ್ಕಳನ್ನು ಕರೆತಂದು ಸಂಜೆ ಮನೆ ಬಾಗಿಲಿಗೆ ಬಿಡುವ ನೀವು ಆ ಹೊಣೆಯನ್ನೇ ಹೊತ್ತಿದ್ದೀರಿ. ಅನುದಾನ ಯಾರೋ ಮಾಡುವ ಉಪಕಾರ ಅಲ್ಲ. ಈ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೇ ಕಚೇರಿಗೆ ಹೋಗಿ, ತಲೆ ತಗ್ಗಿಸಿಕೊಂಡು ಹೋಗಬೇಡಿ.

ನಿಮ್ಮಂಥ ಶಾಲೆಗೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು ರಾಜ್ಯದ್ದು: ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಶಿಶುಕೇಂದ್ರಿತ ಯೋಜನೆ. ಹೆಸರೇ ಹೇಳುವ ಹಾಗೆ ಇಲ್ಲಿ ಲೆಕ್ಕ ಮಗುವಿನದು. ಇಷ್ಟು ಮಕ್ಕಳು, ತಲೆಗೆ ತಿಂಗಳಿಗೆ ಇಷ್ಟು ಎಂದು ಹಣ ಬರುತ್ತದೆ. ವಸತಿ ಶಾಲೆಗೆ ಒಂದು ದರ, ಹಗಲು ಶಾಲೆಗೆ ಇನ್ನೊಂದು. ಇನ್ನೊಂದು ದಾರಿ ಕೇಂದ್ರದ್ದು: ದೀನದಯಾಳ್ ವಿಕಲಚೇತನರ ಪುನರ್ವಸತಿ ಯೋಜನೆ, ಎಲ್ಲರ ಬಾಯಲ್ಲಿ ಡಿಡಿಆರ್‌ಎಸ್. 1999ರಿಂದ ಇರುವ ಯೋಜನೆ, 2003ರಲ್ಲಿ ಈ ಹೆಸರು ಬಂತು. ಇಲ್ಲಿ ಟೀಚರ್ ಗೌರವಧನ, ಆಯಾ, ಸಾರಿಗೆ, ಬಾಡಿಗೆ ಹೀಗೆ ಬಾಬತ್ತಿನ ಪ್ರಕಾರ ಲೆಕ್ಕ. ಶೇ. 90ರವರೆಗೆ ಕೇಂದ್ರ ಕೊಡುತ್ತದೆ, ಉಳಿದದ್ದು ನಿಮ್ಮದು.

ಈ 90ರ ಮಾತಿಗೆ ಮೋಸ ಹೋಗಬೇಡಿ. ಅದು ನೀವು ನಿಜವಾಗಿ ಮಾಡುವ ಖರ್ಚಿನ 90 ಅಲ್ಲ. ಸಚಿವಾಲಯ ನಿಗದಿ ಮಾಡಿದ ದರಪಟ್ಟಿಯ 90. ನೀವು ಟೀಚರಿಗೆ ಎಷ್ಟೇ ಕೊಡಿ, ಪಟ್ಟಿಯಲ್ಲಿ ಎಷ್ಟಿದೆಯೋ ಅದೇ ಲೆಕ್ಕ. ವರ್ಷ ವರ್ಷ ಡೀಸೆಲ್, ಬಾಡಿಗೆ, ಬೇಳೆಯ ಬೆಲೆ ಏರುತ್ತದೆ, ಪಟ್ಟಿಯ ದರ ಅದೇ ವೇಗದಲ್ಲಿ ಏರುವುದಿಲ್ಲ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಅನ್ಯಾಯ ಅನ್ನಿಸುವುದು ಇದೇ. ಡಿ.ಎಡ್. ವಿಶೇಷ ಶಿಕ್ಷಣ ಓದಿ ಬಂದ ಹೆಣ್ಣುಮಕ್ಕಳು, ಮಗುವಿಗೆ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ತಿಂಗಳುಗಟ್ಟಲೆ ತಾಳ್ಮೆಯಿಂದ ಕೂರುವವರು, ಗಾರ್ಮೆಂಟ್ಸ್‌ನಲ್ಲಿ ಸಿಗುವುದಕ್ಕಿಂತ ಕಡಿಮೆ ದುಡ್ಡಿಗೆ ದುಡಿಯುತ್ತಿದ್ದಾರೆ.

ಎರಡೂ ದಾರಿಯಲ್ಲಿ ಒಟ್ಟಿಗೆ ಹೋಗುವ ಹಾಗಿಲ್ಲ. ಅದೇ ಮಗುವಿಗೆ, ಅದೇ ಟೀಚರ್ ಸಂಬಳಕ್ಕೆ ಎರಡು ಕಡೆ ಹಣ ಪಡೆದರೆ ಅದು ತಪ್ಪು. ಬೇರೆ ಕಡೆಯಿಂದ ಇದೇ ಉದ್ದೇಶಕ್ಕೆ ಅನುದಾನ ಪಡೆದಿಲ್ಲ ಎಂದು ಬರೆದುಕೊಡಲೇಬೇಕು. ನಿಮ್ಮ ಶಾಲೆಗೆ ಯಾವುದು ಸರಿ ಎಂದು ಕೇಳಿದರೆ, ಮೊದಲು ರಾಜ್ಯದ ದಾರಿ ನೋಡಿ ಎನ್ನುತ್ತೇನೆ. ಹೊಸ ಸಂಸ್ಥೆಗಳನ್ನು ಈ ವರ್ಷ ಸೇರಿಸಿಕೊಳ್ಳುತ್ತಾರಾ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಪತ್ರ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕೇಂದ್ರದ ಅರ್ಜಿ ಆನ್‌ಲೈನ್‌ನಲ್ಲಿ ಇ-ಅನುದಾನ್ ಪೋರ್ಟಲ್ ಮೂಲಕ ಹೋಗುತ್ತದೆ. ಅಲ್ಲೂ ಜಿಲ್ಲೆಯ ತಪಾಸಣಾ ವರದಿ, ರಾಜ್ಯದ ಶಿಫಾರಸು ಇಲ್ಲದೆ ದೆಹಲಿಯಲ್ಲಿ ಫೈಲ್ ತೆರೆಯುವುದಿಲ್ಲ. ಅಂದರೆ ಎರಡೂ ದಾರಿ ಒಂದೇ ಬಾಗಿಲಿನಿಂದ ಶುರು: ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿ. ಮಧುಗಿರಿಯವರು ಇಲ್ಲಿ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಶಿಕ್ಷಣ ಇಲಾಖೆಗೆ ಮಧುಗಿರಿ ಬೇರೆ ಶೈಕ್ಷಣಿಕ ಜಿಲ್ಲೆ, ಡಿಡಿಪಿಐ ಕಚೇರಿ ನಿಮ್ಮೂರಲ್ಲೇ ಇದೆ. ಈ ಇಲಾಖೆಗೆ ಹಾಗಿಲ್ಲ. ಇದಕ್ಕೆ ತುಮಕೂರಿಗೇ ಬಸ್ ಹತ್ತಬೇಕು.

ದಾಖಲೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಸಂಘದ ನೋಂದಣಿ ಇದ್ದರೆ ಸಾಲದು, 2016ರ ಕಾಯ್ದೆಯ 50ನೇ ಕಲಂ ಪ್ರಕಾರ ವಿಕಲಚೇತನರ ಸಂಸ್ಥೆ ನಡೆಸಲು ಪ್ರತ್ಯೇಕ ನೋಂದಣಿ ಪ್ರಮಾಣಪತ್ರ ಬೇಕು. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ. ಇಲ್ಲದಿದ್ದರೆ ಇದೇ ನಿಮ್ಮ ಮೊದಲ ಕೆಲಸ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, 14 ದಿನದೊಳಗೆ ಸಮಿತಿಯ ಪಟ್ಟಿ, ಆಡಿಟ್ ಆದ ಜಮಾಖರ್ಚನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಚಿಕ್ಕ ಸಂಸ್ಥೆಗಳು ಜಾಸ್ತಿ ಎಡವುವುದು ಇಲ್ಲೇ. ಬಾಕಿ ಇದ್ದರೆ ದಂಡ ಕಟ್ಟಿ ಸರಿ ಮಾಡಿಸಿ. ಮೂರು ವರ್ಷದ ಆಡಿಟ್ ವರದಿ, ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯ ನೋಂದಣಿ (12ಎ ಎನ್ನುತ್ತಾರೆ), ನೀತಿ ಆಯೋಗದ ಎನ್‌ಜಿಓ ದರ್ಪಣ್ ಸಂಖ್ಯೆ, ಸರ್ಕಾರದ ಹಣ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ನೋಂದಣಿ, ಟೀಚರುಗಳ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ, ಇವೂ ಬೇಕು. ಯಾರದಾದರೂ ಆರ್‌ಸಿಐ ಅವಧಿ ಮುಗಿದಿದೆಯಾ ನೋಡಿ. ಸಮಿತಿಯಲ್ಲಿ ಗಂಡ, ಹೆಂಡತಿ, ಭಾವಮೈದುನ ಎಲ್ಲಾ ಒಂದೇ ಮನೆಯವರಿದ್ದರೆ ಬದಲಾಯಿಸಿ. ಒಬ್ಬ ಮಗುವಿನ ತಾಯಿಯನ್ನೋ ತಂದೆಯನ್ನೋ ಸೇರಿಸಿಕೊಂಡರೆ ಸಮಿತಿಗೂ ಬೆಲೆ, ಶಾಲೆಗೂ ಒಳ್ಳೆಯದು.

ಮಕ್ಕಳ ಕಡೆಯ ಕಾಗದ ಇದಕ್ಕಿಂತ ಕಷ್ಟ. ಪ್ರತಿ ಮಗುವಿಗೂ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಬೇಕು. ಕೆಲವರದು ತಾತ್ಕಾಲಿಕ ಕಾರ್ಡ್, ಅವಧಿ ಮುಗಿದಿರುತ್ತದೆ, ಅಪ್ಪ-ಅಮ್ಮನಿಗೆ ಗೊತ್ತಿರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಕಾರ್ಡ್‌ನಲ್ಲಿ ಇನ್ನೊಂದು ಇರುತ್ತದೆ. ಈ ಕೆಲಸಕ್ಕೆ ನಿಮ್ಮ ಟೀಚರುಗಳನ್ನು ಓಡಾಡಿಸಬೇಡಿ. ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದ್ದಾರೆ. ಅವರು ಬಹುತೇಕ ಸ್ವತಃ ವಿಕಲಚೇತನರು, ಊರೂರು ಗೊತ್ತಿರುವವರು. ಅವರನ್ನು ಒಂದು ದಿನ ಶಾಲೆಗೆ ಕರೆದು, ಮಕ್ಕಳ ಜೊತೆ ಊಟ ಹಾಕಿ, ಪಟ್ಟಿ ಕೈಗೆ ಕೊಡಿ. ಕಚೇರಿಯಲ್ಲಿ ತಿಂಗಳು ಹಿಡಿಯುವುದು ಅವರಿಂದ ವಾರದಲ್ಲಿ ಆಗಿಬಿಡುತ್ತದೆ.

ಇನ್ನೆರಡು ವಿಷಯ ನಿಮ್ಮ ತಾಲ್ಲೂಕಿಗೇ ಸೇರಿದ್ದು. ಕೆಲವು ಮಕ್ಕಳ ಹೆಸರು ಊರಿನ ಸರ್ಕಾರಿ ಶಾಲೆಯ ಹಾಜರಿಯಲ್ಲೂ ಇರುತ್ತದೆ, ಮಗು ಮಾತ್ರ ನಿಮ್ಮ ಶಾಲೆಗೆ ಬರುತ್ತದೆ. ಎರಡೂ ಕಡೆ ಹೆಸರು ಇದ್ದರೆ ತಪಾಸಣೆಯಲ್ಲಿ ನಿಮ್ಮ ಪಟ್ಟಿಗೇ ಅನುಮಾನ ಬರುತ್ತದೆ. ಆ ಶಾಲೆಯ ಹೆಡ್‌ಮಾಸ್ಟರ್ ಜೊತೆ ಕೂತು ಮೊದಲೇ ಸರಿ ಮಾಡಿಕೊಳ್ಳಿ. ಎರಡನೆಯದು ಗಡಿ. ಕೊಡಿಗೇನಹಳ್ಳಿ, ಮಿಡಿಗೇಶಿ ಆಚೆ ಆಂಧ್ರ ಶುರುವಾಗುತ್ತದೆ. ಅಲ್ಲಿಂದ ಬರುವ ಮಕ್ಕಳಿದ್ದರೆ ದಯವಿಟ್ಟು ಬಿಡಬೇಡಿ, ಆದರೆ ರಾಜ್ಯದ ಯೋಜನೆಯ ಲೆಕ್ಕಕ್ಕೆ ಅವರನ್ನು ಸುಮ್ನೆ ಸೇರಿಸಿಬಿಡಬೇಡಿ. ಆಂಧ್ರದ ಆಧಾರ್ ಇರುವ ಮಗುವಿನ ಬಗ್ಗೆ ಮೊದಲೇ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಒಪ್ಪದಿದ್ದರೆ ಆ ಮಕ್ಕಳ ಖರ್ಚು ದಾನಿಗಳ ಹಣದಿಂದ ಎಂದು ಬೇರೆಯೇ ತೋರಿಸಿ.

ಈಗ ಹಾಜರಿ ಪುಸ್ತಕ. ಮೇಡಂ, ನಿಮ್ಮ ಶಾಲೆಯ ಅತಿ ಬೆಲೆಬಾಳುವ ವಸ್ತು ಇದೇ ಎಂದು ತಿಳಿದುಕೊಳ್ಳಿ. ತಪಾಸಣೆಗೆ ಬಂದ ಅಧಿಕಾರಿ ಗೋಡೆಯ ಚಿತ್ರ, ಬಹುಮಾನದ ಫಲಕ ನೋಡುವ ಮೊದಲು ಹಾಜರಿ ಪುಸ್ತಕ ಕೇಳುತ್ತಾರೆ. ಪುಸ್ತಕದಲ್ಲಿ 30 ಇದೆ, ಕಣ್ಣ ಮುಂದೆ 19 ಮಕ್ಕಳು ಇದ್ದಾರೆ ಎಂದರೆ ಮುಂದೆ ನೀವು ಏನು ಹೇಳಿದರೂ ಕೇಳುವವರಿಲ್ಲ. ಈ ಮಕ್ಕಳ ಹಾಜರಿ ಬೇರೆ ಮಕ್ಕಳಂತೆ ಇರುವುದಿಲ್ಲ. ಫಿಟ್ಸ್ ಬಂದರೆ ಮೂರು ದಿನ ಬರುವುದಿಲ್ಲ. ವ್ಯಾನ್ ಕೆಟ್ಟರೆ ಒಂದು ದಿಕ್ಕಿನ ಎಂಟು ಮಕ್ಕಳು ಒಟ್ಟಿಗೆ ಗೈರು. ದಂಡಿನ ಮಾರಮ್ಮನ ಜಾತ್ರೆ ವಾರದಲ್ಲಿ ಅರ್ಧ ಶಾಲೆ ಖಾಲಿ. ಇದನ್ನೆಲ್ಲಾ ಹಾಗೇ ಬರೆಯಿರಿ. ಗೈರು ಎಂದು ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ: ಫಿಟ್ಸ್, ವ್ಯಾನ್ ರಿಪೇರಿ, ಜಾತ್ರೆ. ವ್ಯಾನ್ ಕೆಟ್ಟ ದಿನದ ಮೆಕ್ಯಾನಿಕ್ ಬಿಲ್ ಅದೇ ತಾರೀಖಿನದು ಇರುತ್ತದೆ, ಅಲ್ವಾ? ಗೈರುಹಾಜರಿ ತೋರಿಸಿದ್ದಕ್ಕೆ ತಿಂಗಳಿಗೆ ಸ್ವಲ್ಪ ಹಣ ಕಡಿಮೆ ಆಗಬಹುದು. ಆದರೆ ಅಂಥ ಪುಸ್ತಕವನ್ನು ಯಾವ ಅಧಿಕಾರಿಯೂ, ಯಾವ ಆಡಿಟರೂ ಅಲ್ಲಾಡಿಸಲು ಆಗುವುದಿಲ್ಲ. ಪೂರ್ತಿ ವರ್ಷ ಎಲ್ಲ ಮಕ್ಕಳೂ ಹಾಜರು ಇರುವ ವಿಶೇಷ ಶಾಲೆಯ ಪುಸ್ತಕ ನೋಡಿದರೆ ನನಗಂತೂ ಭಯವಾಗುತ್ತದೆ.

ಎಷ್ಟು ದಿನಕ್ಕೆ ಹಣ ಬರುತ್ತದೆ? ತಡವಾಗಿ. ಈ ವರ್ಷ ಮಾಡಿದ ಖರ್ಚಿಗೆ ಮುಂದಿನ ವರ್ಷ ಹಣ ಬರುವುದು ಮಾಮೂಲು. ಇದಕ್ಕೆ ಎಲ್ಲಾ ಸಲ ಯಾರದೋ ಕೆಟ್ಟತನವೇ ಕಾರಣ ಅಲ್ಲ. ಬಜೆಟ್ ಏಪ್ರಿಲ್‌ನಿಂದ ಶುರುವಾದರೂ ಹಣ ಕಂತು ಕಂತಾಗಿ ಬಿಡುಗಡೆ ಆಗುತ್ತದೆ. ಹಿಂದಿನ ಕಂತಿನ ಯುಸಿ ಬಂದ ಮೇಲೆ ಮುಂದಿನ ಕಂತು. ತಪಾಸಣೆ ಆಗಬೇಕು, ಅಧಿಕಾರಿಗೆ ಎರಡು ಮೂರು ಹೊಣೆ ಇರುತ್ತದೆ, ನಡುವೆ ಚುನಾವಣಾ ಕೆಲಸ ಬರುತ್ತದೆ. ಒಂದು ಕಾಗದ ಕಡಿಮೆ ಇದ್ದರೆ ಫೈಲ್ ವಾಪಸ್ ಬಂದು ಮತ್ತೆ ಮೊದಲಿನಿಂದ ಹೋಗುತ್ತದೆ. ಕೊನೆಗೆ ಮಾರ್ಚ್‌ನಲ್ಲಿ ಎಲ್ಲಾ ಒಟ್ಟಿಗೆ ಓಡಲು ಶುರುಮಾಡುತ್ತವೆ. ಮಾರ್ಚ್ 31 ದಾಟಿದರೆ ಆ ವರ್ಷದ ಹಣ ಮತ್ತೆ ಸರ್ಕಾರಕ್ಕೇ ಹೋಗುತ್ತದೆ.

ಇದರ ಬಿಸಿ ನಿಮಗೆ ಎಷ್ಟು ತಟ್ಟುತ್ತದೆ ಎಂದು ಲೆಕ್ಕ ಹಾಕೋಣ. ನಿಮ್ಮ ಶಾಲೆಗೆ ತಿಂಗಳಿಗೆ 1,20,000 ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳಿ. ಅನುದಾನ ಒಂಬತ್ತು ತಿಂಗಳು ತಡವಾದರೆ 10,80,000 ರೂಪಾಯಿ ನೀವೇ ಹೊಂದಿಸಬೇಕು. ಸಾಲ ಮಾಡಿದರೆ ಅದರ ಬಡ್ಡಿಯನ್ನು ಅನುದಾನದ ಲೆಕ್ಕಕ್ಕೆ ಹಾಕುವಂತಿಲ್ಲ. ಅನುದಾನ ಮಂಜೂರಾದ ಸುದ್ದಿ ಕೇಳಿದ ಕೂಡಲೇ ದಾನಿಗಳು ಬೇರೆ ಹಿಂದೆ ಸರಿಯುತ್ತಾರೆ: 'ಇನ್ನೇನು, ಗೌರ್ಮೆಂಟ್ ಕೊಡುತ್ತಲ್ಲ.' ನಾನು ಲೆಕ್ಕ ನೋಡಿದ ಒಳ್ಳೊಳ್ಳೆಯ ಸಂಸ್ಥೆಗಳು ಮುಚ್ಚುವ ಸ್ಥಿತಿಗೆ ಬಂದದ್ದು ಅನುದಾನ ಸಿಗದೆ ಅಲ್ಲ. ಸಿಕ್ಕ ಮೇಲೆ, ಅದು ಬರುವವರೆಗೆ ತಡೆಯಲಾಗದೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಸಂಬಳ, ಮಕ್ಕಳ ಊಟ, ಡೀಸೆಲ್ ಇವನ್ನು ಊರಿನ ದಾನಿಗಳ ಹಣದಿಂದಲೇ ನಡೆಸುವ ಹಾಗೆ ಇಟ್ಟುಕೊಳ್ಳಿ. ಅನುದಾನ ಬಂದಾಗ ಆ ತಿಂಗಳುಗಳ ಖರ್ಚು ಅದರಿಂದ ತುಂಬಿಕೊಳ್ಳಲಿ, ಆಗ ಬಿಡುಗಡೆಯಾಗುವ ದಾನಿಗಳ ಹಣವನ್ನು ಪಕ್ಕಕ್ಕೆ ಇಟ್ಟು ಆರು ತಿಂಗಳ ಸಂಬಳದ ಆಪದ್ಧನ ಮಾಡಿ. ದಾನಿಗಳಿಗೆ ಇದನ್ನು ಬಿಡಿಸಿ ಹೇಳಿ. ತುಮಕೂರು ಜಿಲ್ಲೆಯವರಿಗೆ ದಾಸೋಹ ಅಂದರೆ ಏನು ಎಂದು ಯಾರೂ ಕಲಿಸಬೇಕಾಗಿಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ಊಟ ಭಕ್ತರು ತಂದುಕೊಟ್ಟ ಧಾನ್ಯದಿಂದ ನಡೆದದ್ದನ್ನು ನೋಡಿ ಬೆಳೆದ ಜನ ಇವರು. ಸುಗ್ಗಿಯಲ್ಲಿ ಒಂದು ಚೀಲ ರಾಗಿ ಕೇಳಿ, ಇಲ್ಲ ಎನ್ನುವವರು ಕಡಿಮೆ. ರಾಗಿಗೂ ರಸೀದಿ ಕೊಡಿ.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಸಂತನರಸಾಪುರದ ಕಡೆ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಪಡೆಯಲು ನೀವು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿಕೊಂಡಿರಬೇಕು. ಕಂಪನಿಗಳು ಸಂಬಳಕ್ಕೆ ಕೊಡಲು ಹಿಂದೆಮುಂದೆ ನೋಡುತ್ತವೆ, ಕಣ್ಣಿಗೆ ಕಾಣುವ ವಸ್ತುವಿಗೆ ಬೇಗ ಒಪ್ಪುತ್ತವೆ. ಹಾಗಾಗಿ ಅವರ ಬಳಿ ವ್ಯಾನ್ ಕೇಳಿ, ಶೌಚಾಲಯ ಕೇಳಿ, ಥೆರಪಿ ಸಾಮಾನು ಕೇಳಿ. ಶಾಲೆಗೆ ಹಣ ಬಾರದಿದ್ದರೂ ಮಕ್ಕಳಿಗೆ ನೇರವಾಗಿ ಸಿಗುವುದನ್ನೂ ಬಿಡಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ನಿಮ್ಮ ಮಕ್ಕಳಿಗೆ ಅನ್ವಯಿಸುತ್ತದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ. ಎಷ್ಟೋ ತಾಯಂದಿರಿಗೆ ಈ ಹೆಸರೇ ಗೊತ್ತಿಲ್ಲ.

ಹಣ ಬಂದ ಮೇಲಿನ ಶಿಸ್ತು ಕಷ್ಟದ್ದಲ್ಲ. ಅನುದಾನಕ್ಕೇ ಬೇರೆ ಬ್ಯಾಂಕ್ ಖಾತೆ ಇಡಿ. ಸಂಬಳ ಖಾತೆಗೇ ಹಾಕಿ, ಕೈಗೆ ಕೊಡಬೇಡಿ. ಕೇಂದ್ರದ ಹಣ ಖರ್ಚಿಗೆ ಮೊದಲೇ ಬಂದು ಖಾತೆಯಲ್ಲಿ ಬಡ್ಡಿ ಹುಟ್ಟಿದರೆ ಆ ಬಡ್ಡಿಯೂ ಸರ್ಕಾರದ್ದೇ, ವಾಪಸ್ ಕಟ್ಟಬೇಕು. ಅನುದಾನದಲ್ಲಿ ಕೊಂಡ ಕಂಪ್ಯೂಟರ್, ಕುರ್ಚಿಗಳನ್ನು ಆಸ್ತಿ ಪುಸ್ತಕದಲ್ಲಿ ಬರೆಯಿರಿ, ಹಳೆಯದಾಯಿತೆಂದು ಅನುಮತಿ ಇಲ್ಲದೆ ಮಾರಬೇಡಿ. ಯುಸಿಗೆ ನಿಯಮದ ಪ್ರಕಾರ ಆರ್ಥಿಕ ವರ್ಷ ಮುಗಿದು 12 ತಿಂಗಳು ಸಮಯ ಇದೆ, ಆದರೆ ಅಷ್ಟು ದಿನ ಕಾದರೆ ನಿಮ್ಮ ಮುಂದಿನ ಕಂತೇ ತಡವಾಗುತ್ತದೆ. ಜೂನ್ ಒಳಗೆ ಆಡಿಟ್ ಮುಗಿಸಿ ಕೊಟ್ಟುಬಿಡಿ. ಫೈಲ್ ಎಲ್ಲಿದೆ ಎಂದು ಮೂರು ತಿಂಗಳಾದರೂ ಗೊತ್ತಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅದೇ ಕಾಯ್ದೆ ನಿಮ್ಮ ಮೇಲೂ ಬರಬಹುದು. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸ್ವಯಂಸೇವಾ ಸಂಸ್ಥೆಗಳೂ ಮಾಹಿತಿ ಕೊಡಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಕಾಗದವನ್ನು ಮಾತ್ರ ಓದದೆ ಸಹಿ ಹಾಕಬೇಡಿ. ಕೇಂದ್ರದ ಅನುದಾನಕ್ಕೆ ಸಮಿತಿಯ ಸದಸ್ಯರಿಂದ ಬಾಂಡ್ ಬರೆಸಿಕೊಳ್ಳುತ್ತಾರೆ. ಷರತ್ತು ಮುರಿದರೆ ಹಣವನ್ನು ಶೇ. 10 ಬಡ್ಡಿಯೊಂದಿಗೆ ವಾಪಸ್ ಕಟ್ಟುವ ಹೊಣೆ ಸಹಿ ಹಾಕಿದವರೆಲ್ಲರ ಮೇಲೆ, ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಬೀಳುತ್ತದೆ. 'ನಿಮ್ಮ ಹೆಸರು ಇರಲಿ ಸಾರ್' ಎಂದು ಕೇಳಿದ್ದಕ್ಕೆ ಒಪ್ಪಿಕೊಂಡ ನಿವೃತ್ತ ಮೇಷ್ಟ್ರು ನಿಮ್ಮ ಸಮಿತಿಯಲ್ಲೂ ಇರಬಹುದು. ಅವರನ್ನು ಕೂರಿಸಿಕೊಂಡು ಈ ಸಾಲು ಓದಿ ಹೇಳಿ. ಹೆದರಿ ಹಿಂದೆ ಸರಿದರೆ ಸರಿಯಲಿ. ಗೊತ್ತಿಲ್ಲದೆ ಸಹಿ ಹಾಕಿಸಿಕೊಳ್ಳುವುದು ಅವರಿಗೆ ಮಾಡುವ ದ್ರೋಹ.

ಕೊನೆಗೆ ಹೊಸ ಟೀಚರ್. ಬರಲಿರುವ ಅನುದಾನ ನಂಬಿ ತೆಗೆದುಕೊಳ್ಳಬೇಡಿ. ಅರ್ಜಿಗೆ ಟೀಚರುಗಳ ಸಂಖ್ಯೆ ಸಾಲದಿದ್ದರೆ ಮಾತ್ರ ಯೋಚಿಸಿ, ಆಗಲೂ ಅವರ ಒಂದು ವರ್ಷದ ಸಂಬಳ ನಿಮ್ಮ ಖಾತೆಯಲ್ಲಿ ಇರಬೇಕು. ನೇಮಕಾತಿ ಪತ್ರದಲ್ಲಿ ಸಂಬಳ ಎಷ್ಟು, ತಿಂಗಳ ಯಾವ ತಾರೀಖಿಗೆ ಎಂದು ಬರೆಯಿರಿ. 'ಅನುದಾನ ಬಂದಾಗ' ಎಂಬ ಮಾತು ಆ ಪತ್ರದಲ್ಲಿ ಎಲ್ಲೂ ಇರಬಾರದು. ಈಗಿರುವ ನಾಲ್ವರಿಗೂ ಅದೇ ಥರ ಪತ್ರ ಕೊಡಿ, ಇನ್ನೂ ಕೊಟ್ಟಿಲ್ಲದಿದ್ದರೆ.